ಕಲ್ಲರಳೆಗೆ ಎರೆದ ನೀರು

ಕೇಳದೆಯೇ ಉಸಿರು ಕೊಟ್ಟು, ಕೇಳದೆಯೇ ಅದನ್ನು ಕಾಯುತ್ತ ಬಂದ ಸಿದ್ಧೇಶ್ವರನಿಗೆ ಮೊದಲ ವಂದನೆ. ಹೆಣ್ಣುಮಗಳಿಗೆ ಸಂಸ್ಕೃತವೇತಕ್ಕೆ ಎಂದು ಬಬಲೇಶ್ವರದ ನಮ್ಮ ಓಣಿ ನಕ್ಕರೂ ಒಂದು ಬೆಳಗಿನ ಪಾಠವನ್ನೂ ತಪ್ಪಿಸದೆ ನನಗೆ ಅಕ್ಷರ ಕೊಟ್ಟ ತಂದೆಯವರಿಗೆ ಎರಡನೆಯ ವಂದನೆ. ಅಕ್ಷರ ಕಲಿತು ಬಂದ ಸೊಸೆಯನ್ನು ಹಂಗಿಸದೆ, ಸಂಜೆಯ ಹೊತ್ತು ಕಟ್ಟೆಯ ಮೇಲೆ ಕೂರಿಸಿಕೊಂಡು ಶ್ಲೋಕ ಹೇಳಿಸಿ ಕೇಳಿದ ಅತ್ತೆಮಾವಂದಿರಿಗೆ ಮೂರನೆಯದು. ಇವರನ್ನು ನೆನೆದ ಮೇಲೆಯೇ ಅವರ ಮನೆಯ ಮಾತು ಬರೆಯಲು ನನಗೆ ಅಧಿಕಾರ ಬರುತ್ತದೆ ಎಂದು ನಂಬಿದ್ದೇನೆ.

ನಾನು ಮದುವೆಯಾಗಿ ಬಂದದ್ದು ನಲವತ್ತರ ದಶಕದಲ್ಲಿ, ದೊಡ್ಡ ಯುದ್ಧ ಇನ್ನೂ ಮುಗಿಯದಿದ್ದ ವರ್ಷಗಳಲ್ಲಿ. ಊರನ್ನು ಆಗ ವಿಜಾಪುರ ಎನ್ನುತ್ತಿದ್ದೆವು. ನಮ್ಮ ಮನೆ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿತ್ತು. ಯಜಮಾನರು ತಿಕೋಟೆಯ ಸಾಲೆಯಲ್ಲಿ ಮಾಸ್ತರರು. ಇದ್ದಿಲ ಗ್ಯಾಸಿನಿಂದ ಓಡುತ್ತಿದ್ದ ಅಂದಿನ ಮೋಟಾರು ದಾರಿಯಲ್ಲಿ ಕೆಡದಿದ್ದರೆ ಶನಿವಾರ ಸಂಜೆ ಮನೆ ಮುಟ್ಟುತ್ತಿದ್ದರು. ಮಾವನವರು ಸೊಲ್ಲಾಪುರ ರಸ್ತೆಯ ಒಂದು ಅರಳೆ ಗಿರಣಿಯಲ್ಲಿ ಬಾಯ್ಲರ್ ಮನೆಯ ಮೇಸ್ತ್ರಿ. ಬಾಯ್ಲರಿನಿಂದ ಹೊರಟ ಉಗಿಯ ಕೊಳವೆಗಳ ಬಿಸಿ ಆರದಂತೆ ಅವುಗಳಿಗೆ ದಪ್ಪನೆಯ ಹೊದಿಕೆ ಕಟ್ಟುವುದು ಅವರ ಕಸುಬು. ಆ ಹೊದಿಕೆ ಒಂದು ಬಗೆಯ ಬಿಳಿಯ ನಾರು. ನೋಟಕ್ಕೆ ಅರಳೆ, ಹುಟ್ಟು ಕಲ್ಲಿನಿಂದ. ಕೆಂಡದ ಮೇಲಿಟ್ಟರೂ ಸುಡುತ್ತಿರಲಿಲ್ಲ. ಪುಸ್ತಕಗಳು ಇಂದು ಅದನ್ನು ಕಲ್ನಾರು ಎನ್ನುತ್ತವೆ, ಅಂಗಡಿಯವರು ಆಸ್ಬೆಸ್ಟಾಸ್ ಎನ್ನುತ್ತಾರೆ. ಗಿರಣಿಯ ಜನ ಕಲ್ಲರಳಿ ಎಂದು ಹೆಸರಿಟ್ಟಿದ್ದರು.

ಅರಳೆಯ ಸುಗ್ಗಿ ಮುಗಿದು ಗಿರಣಿ ನಿಂತ ಮೇಲೆ, ಪ್ರತಿ ವೈಶಾಖದಲ್ಲಿ ಬಾಯ್ಲರನ್ನು ತಣಿಸಿ ತಪಾಸಣೆಗೆ ತೆರೆಯುತ್ತಿದ್ದರು. ಆಗ ಹಳೆಯ ಹೊದಿಕೆಯನ್ನೆಲ್ಲ ಉಳಿಯಿಂದ ಬಡಿದು ಕೆಡವಬೇಕು, ಕೊಳವೆಗಳನ್ನು ಪರೀಕ್ಷಿಸಬೇಕು, ಬಳಿಕ ಹೊಸ ಹೊದಿಕೆ ಕಟ್ಟಬೇಕು. ಬಡಿಯುವ ದಿನಗಳಲ್ಲಿ ಆ ಕೋಣೆಯಲ್ಲಿ ಎದುರಿಗೆ ನಿಂತವನ ಮುಖ ಕಾಣುತ್ತಿರಲಿಲ್ಲವಂತೆ. ಮಾವನವರು ನೆತ್ತಿಯಿಂದ ಹಿಮ್ಮಡಿಯವರೆಗೆ ಬೆಳ್ಳಗಾಗಿ ಮನೆಗೆ ಬರುತ್ತಿದ್ದರು. ಅತ್ತೆಯವರು ಬಾಗಿಲಲ್ಲೇ ನಿಂತು, "ಮದಿವ್ಯಾಗೂ ನಿಮ್ಮ ಮ್ಯಾಲ ಇಷ್ಟು ಅಕ್ಕಿಕಾಳ ಬಿದ್ದಿದ್ದಿಲ್ಲ ನೋಡ್ರಿ" ಎಂದು ನಗುತ್ತಿದ್ದರು. ಅವರ ಅಂಗಿ ಧೋತರಗಳನ್ನು ನಾನು ಹಿತ್ತಿಲಲ್ಲಿ ಜಾಡಿಸಿ ಒಗೆಯಲು ಹಾಕುತ್ತಿದ್ದೆ. ಜಾಡಿಸಿದಾಗ ಮೂಗು ತುರಿಸುತ್ತಿತ್ತು, ಅಷ್ಟೇ.

ಅತ್ತೆಯವರ ಕೈಯ ಬತ್ತಿ ಆ ಭಾಗದಲ್ಲೆಲ್ಲ ಹೆಸರಾಗಿತ್ತು. ಹೂಬತ್ತಿ, ಎಳೆಬತ್ತಿ, ಆರತಿಯ ಬತ್ತಿ, ಯಾವುದೇ ಇರಲಿ, ಅವರು ಹೊಸೆದದ್ದು ಚಟಪಟ ಎನ್ನದೆ ಉರಿಯುತ್ತಿತ್ತು. ಮಧ್ಯಾಹ್ನದ ಅಡುಗೆ ಮುಗಿದ ಮೇಲೆ ಓಣಿಯ ಹೆಂಗಸರು ನಮ್ಮ ಪಡಸಾಲೆಯಲ್ಲಿ ಕೂಡಿ, ಹಾಡು ಹೇಳುತ್ತ, ಗುಡಿಗಳಿಗೂ ಮನೆಗಳಿಗೂ ಬತ್ತಿ ಹೊಸೆಯುತ್ತಿದ್ದರು. ಒಂದು ಶ್ರಾವಣದಲ್ಲಿ ಮಾವನವರು ಹೊದಿಕೆ ಕಟ್ಟಿ ಉಳಿದ ಕಲ್ಲರಳೆಯ ಒಂದು ಹಿಡಿಯನ್ನು ತಂದು ಹೆಂಡತಿಯ ಮುಂದಿಟ್ಟರು. "ಇದರದೊಂದು ಬತ್ತಿ ಮಾಡಿ ನೋಡು. ನಿನ್ನ ಕೈ ಗುಣಾ, ನಮ್ಮ ಗಿರಣಿ ಗುಣಾ, ಎರಡೂ ತಿಳೀತಾವ."

ಅತ್ತೆಯವರು ಹೊಸೆದರು. ದೀಪ ಉರಿಯಿತು, ಎಣ್ಣೆ ತೀರಿತು, ಬತ್ತಿ ಮಾತ್ರ ಇದ್ದ ಹಾಗೆಯೇ ಇತ್ತು. ಮತ್ತೆ ಎಣ್ಣೆ ಹಾಕಿದರು, ಮತ್ತೆ ಉರಿಯಿತು. ಶ್ರಾವಣ ಮುಗಿಯುವವರೆಗೂ ದೇವರ ಮನೆಯಲ್ಲಿ ಅದೇ ಬತ್ತಿ. ಸುದ್ದಿ ಹಬ್ಬಲು ಎಷ್ಟು ಹೊತ್ತು?

"ಯವ್ವಾ, ನಿನ್ನ ದೀಪಕ್ಕ ಸಾವ ಇಲ್ಲೇನ ಬೇ!" ಎಂದಳು ಎದುರುಮನೆಯ ಮುದುಕಿ.

"ನಿನಗೂ ಒಂದು ಕೊಡ್ತೀನಿ ತಗೋ. ಅದು ಇರೂತನಕ ನೀನೂ ಇರಾಕಿ," ಎಂದರು ಅತ್ತೆ.

"ಹಂಗಾದ್ರ ನಮ್ಮ ಸೊಸಿಗೆ ಹೇಳಬ್ಯಾಡ. ಬತ್ತಿ ಕದ್ದು ಒಲಿಗೆ ಹಾಕ್ಯಾಳು!"

ಹೀಗೆ ನಮ್ಮ ಪಡಸಾಲೆಗೆ ಕಲ್ಲರಳೆ ಬಂತು. ಅರಳೆಯನ್ನು ಹಿಂಜುವಂತೆಯೇ ಅದನ್ನೂ ಬೆರಳಿನಿಂದ ಹಿಂಜಿದರು, ಗಂಟು ಬಿಡಿಸಿದರು, ಎಳೆಗೆ ಸೇರದ ಪುಡಿಯನ್ನು ಅಂಗೈಯಲ್ಲಿಟ್ಟು ಉಫ್ ಎಂದು ಊದಿದರು, ಬೆರಳಿಗೆ ವಿಭೂತಿ ಹಚ್ಚಿಕೊಂಡು ಹೊಸೆದರು. ಬತ್ತಿ ಹೊಸೆಯುವ ಕೈಗಳಿಗೆ ತಲೆತಲಾಂತರದಿಂದ ಬಂದ ರೀತಿ ಅದು. ಬೇರೆ ವಸ್ತುವಿಗೆ ಬೇರೆ ರೀತಿ ಬೇಕೆಂದು ಯಾರಿಗೂ ತೋಚಲಿಲ್ಲ. ಗವಾಕ್ಷಿಯಿಂದ ಇಳಿದ ಬಿಸಿಲಿನಲ್ಲಿ ಆ ಪುಡಿ ಬೆಳ್ಳಿಯ ಹಾಗೆ ಮಿನುಗುತ್ತ ತೇಲುತ್ತಿತ್ತು. ಚೆಂದವೆಂದು ನೋಡುತ್ತ ಕೂರುತ್ತಿದ್ದೆವು. ಒಲೆಯ ಮೇಲಿನ ಪಾತ್ರೆ ಇಳಿಸುವುದಕ್ಕೂ ಅದೇ ನಾರಿನ ಬಟ್ಟೆಯ ತುಂಡು ಬಂತು. ತಿಕೋಟೆಯಲ್ಲಿದ್ದ ಅತ್ತೆಯವರ ತವರಿಗೆ, ಯಜಮಾನರ ಕೈಯಲ್ಲಿ, ಹಿಂಜಿದ ಕಲ್ಲರಳೆಯ ಒಂದು ಗಂಟೇ ಹೋಯಿತು.

ಇತ್ತ ಮಾವನವರ ಉಸಿರು ಮೊಟಕಾಗುತ್ತ ಬಂದಿತ್ತು. ಸೊಲ್ಲಾಪುರದಲ್ಲಿ ಹರೆಯದಲ್ಲಿ ಹಿಡಿದ ಕಸುಬು. ಆಮೇಲೆ ಒಂದು ವೈಶಾಖವೂ ಬಿಟ್ಟವರಲ್ಲ. ಗುಡಿಗೆ ಹೋಗುವಾಗ ನಡುವೆ ನಿಂತು, ಯಾರಾದರೂ ನೋಡಿದರೆ ಗೋಪುರವನ್ನು ದಿಟ್ಟಿಸುವವರಂತೆ ತಲೆಯೆತ್ತುತ್ತಿದ್ದರು. ಯುಗಾದಿಯ ದಿನ ದೇವರಿಗೆ ಕಾಯಿ ಒಡೆದು ತಿರುಗುವಾಗ ಕಂಬ ಹಿಡಿದು ಕೂತುಬಿಟ್ಟರು. ತುಟಿ ನೀಲಿಯಾಗಿತ್ತು. ಮರುದಿನವೇ ಅತ್ತೆಯವರೂ ನಾನೂ ಅವರನ್ನು ವೈದ್ಯರ ಬಳಿ ಕರೆದೊಯ್ದೆವು. ಮುಂಬಯಿಯ ಗಿರಣಿಗಳ ದವಾಖಾನೆಯಲ್ಲಿ ಬಹುಕಾಲ ಇದ್ದು, ವಯಸ್ಸಾದ ಮೇಲೆ ಊರಿಗೆ ಮರಳಿದ್ದವರು ಅವರು.

ವೈದ್ಯರು ಬೆನ್ನಿಗೆ ಕಿವಿಯ ನಳಿಕೆ ಹಚ್ಚಿ ಬಹಳ ಹೊತ್ತು ಕೇಳಿದರು. "ಏನು ಕೆಲಸಾ ಮಾಡ್ತೀರಿ ಮೇಸ್ತ್ರಿ?"

"ಬಾಯ್ಲರ್ ಕೊಳವಿಗೆ ಅಂಗಿ ತೊಡಸ್ತೀನ್ರಿ ಸಾಹೇಬ್ರ," ಎಂದು ಮಾವನವರು ಹೆಮ್ಮೆಯಿಂದ ಕಿಸೆಗೆ ಕೈ ಹಾಕಿ ಒಂದು ಕಲ್ಲರಳೆಯ ಬತ್ತಿಯನ್ನು ಮೇಜಿನ ಮೇಲಿಟ್ಟರು. "ಇದರ ಅಂಗೀ ನೋಡ್ರಿ. ಬೆಂಕಿಗೂ ಬಗ್ಗಂಗಿಲ್ಲ."

ವೈದ್ಯರು ಅದನ್ನು ಮುಟ್ಟಲಿಲ್ಲ. "ಇದನ್ನ ಹಿಂಗ ಹೊಸದವರು ಯಾರು?"

"ನಾನ್ರಿ. ನಮ್ಮ ಓಣಿ ಹೆಣ್ಮಕ್ಕಳು ಎಲ್ಲಾರೂ ಕೂಡಿ ಹೊಸೀತೀವಿ," ಎಂದರು ಅತ್ತೆ.

"ಎಲ್ಲಾರೂ?" ವೈದ್ಯರು ಕನ್ನಡಕ ತೆಗೆದು ಕೆಳಗಿಟ್ಟರು. "ಹಿಂಜಿ, ಊದಿ?"

ಅತ್ತೆಯವರು ತಲೆಯಾಡಿಸಿದರು. ಆಗ ವೈದ್ಯರು ಹೇಳಿದ್ದು ನನಗೆ ಇಂದಿಗೂ ಕೇಳಿಸುತ್ತದೆ. "ತಾಯಿ, ಇದು ಅರಳಿ ಅಲ್ಲ. ಕಣ್ಣಿಗೆ ಕಾಣದಂಥ ಕಲ್ಲಿನ ಮುಳ್ಳು. ಎದಿಯೊಳಗ ಹೋದದ್ದು ಕೆಮ್ಮಿದ್ರ ಹೊರಗ ಬರಂಗಿಲ್ಲ. ವರ್ಷಗಟ್ಟಲೆ ಸುಮ್ಮನ ಕೂತು ಎದೀನ ಗಟ್ಟಿ ಮಾಡತೈತಿ. ಮುಂಬೈದಾಗ ಇಂಥಾ ಕೆಲಸದವರನ್ನ ನಾ ಭಾಳ ನೋಡೇನಿ."

"ಔಷಧಾ ಕೊಡ್ರಿ," ಎಂದರು ಮಾವ.

"ಆಗಿದ್ದಕ್ಕ ಔಷಧಾ ಇಲ್ಲ ಮೇಸ್ತ್ರಿ. ಇನ್ನ ಮುಂದ ಹೋಗದಂಗ ನೋಡಕೋಬೇಕು. ಈ ವೈಶಾಖದ ದೂಳ್ಯಾಗ ಮತ್ತ ನಿಂತ್ರಿ ಅಂದ್ರ, ಬರೂ ಯುಗಾದಿಗೆ ಗುಡಿ ಇರಲಿ, ನಿಮ್ಮ ಹೊಸ್ತಲಾ ದಾಟೂದೂ ಕಠಿಣ."

ಅಂದಿನ ವೈದ್ಯರಿಗೆ ತಿಳಿದಿದ್ದು ಅಷ್ಟು. ಇಂದಿನವರು ಶ್ವಾಸಕೋಶದ ಕ್ಯಾನ್ಸರಿನ ಮಾತನ್ನೂ ಸೇರಿಸುತ್ತಾರೆ, ದೂಳು ಹೊಕ್ಕು ದಶಕಗಳಾದ ಮೇಲೂ ಅದು ಕಾಣಿಸಿಕೊಳ್ಳಬಹುದು ಎನ್ನುತ್ತಾರೆ. ಆದರೆ ಆ ದಿನ ನಮಗೆ ಕೇಳಿದಷ್ಟೇ ಸಾಕಾಗಿತ್ತು.

ಮನೆ ಮುಟ್ಟಿ, ನೀರು ಕುಡಿದು, ಅತ್ತೆಯವರು ಕೇಳಿದರು: "ಈ ವರ್ಷ ಹೋಗಂಗಿಲ್ಲ ಹೌದಿಲ್ಲೋ?"

"ನಾ ಹೋಗ್ಲಿಲ್ಲಂದ್ರ ಬಾಯ್ಲರ್ ಹಂಗ ನಿಲ್ಲತೈತೇನು? ಇನ್ನೊಬ್ಬ ಹೋಗ್ತಾನ. ನನ್ನ ಎದಿ ಅರ್ಧಾ ಹೋಗೇತಿ, ಅವನದು ಹೊಸಾದು. ನನ್ನ ಬದಲಿ ಅವನ್ನ ಆ ದೂಳ್ಯಾಗ ನಿಲ್ಲಿಸಿ, ನಾ ಕಟ್ಟಿ ಮ್ಯಾಲ ಕೂತು ಗಾಳಿ ತಗೊಳ್ಳಲೇನು?"

ಗಿರಣಿ ನಿಲ್ಲುವ ದಿನ ಹತ್ತಿರವಾಗುತ್ತಿತ್ತು. ಮಾವನವರ ಮಾತಿನಲ್ಲಿದ್ದ ಧರ್ಮ ನಿಜವಾದದ್ದು. ವೈದ್ಯರ ಮಾತಿನಲ್ಲಿದ್ದ ಸತ್ಯವೂ ಅಷ್ಟೇ ನಿಜವಾದದ್ದು.

ಅತ್ತೆಯವರು ತಮ್ಮ ಕೈಯಳತೆಯಲ್ಲಿದ್ದ ಕೆಲಸವನ್ನು ಮೊದಲು ಮಾಡಿದರು. ಮರುದಿನ ಮಧ್ಯಾಹ್ನ ಹೆಂಗಸರು ಕೂಡಿದಾಗ, ಏನನ್ನೂ ಮುಚ್ಚಿಡದೆ ವೈದ್ಯರ ಮಾತನ್ನೆಲ್ಲ ಹೇಳಿದರು. ಗದ್ದಲವಾಯಿತು.

"ದೇವರ ಬತ್ತಿಯಿಂದ ಯಾರಿಗರ ಕೇಡಾಗತೈತೇನ ಬೇ? ಡಾಕ್ಟರು ದೀಪಾ ಹಚ್ಚೂ ಜಾತೀನ ಅಲ್ಲ ಅನಸತೈತಿ," ಎಂದಳು ಒಬ್ಬಳು.

"ಆ ಡಾಕ್ಟರ್ ಮನ್ಯಾಗ ನಮ್ಮ ಬತ್ತೀನ ಉರೀತಾವ, ಅರಳಿವು," ಎಂದರು ಅತ್ತೆ. "ಸುಡಂಗಿಲ್ಲ ಅಂತ ನಾನೂ ಹಿಗ್ಗಿ ಹಿಗ್ಗಿ ಕುಣದೆ. ದೇವರ ಮುಂದ ಇಟ್ಟದ್ದು ಸುಟ್ಟು ಬೂದಿ ಆಗಬೇಕವ್ವಾ, ಆ ಬೂದೀನ ನಾವು ಹಣಿಗೆ ಹಚ್ಚತೀವಿ. ಇದು ಸುಡದ ನಮ್ಮ ಎದ್ಯಾಗ ಕೂಡತೈತಂದ್ರ ನನಗ ಬ್ಯಾಡ. ನನ್ನ ಮಾತು ಕೇಳಿ ಹೊಸದೀರಿ, ನನ್ನ ಮಾತು ಕೇಳಿ ಬಿಡ್ರಿ."

ಎದುರುಮನೆಯ ಮುದುಕಿ ಮೊದಲು ಎದ್ದು ತನ್ನ ಬತ್ತಿಯನ್ನು ತಂದಿಟ್ಟಳು. "ತಗೋ. ನಾ ಸಾಯಾಕ ತಯಾರಾಗೇನಿ," ಎಂದಳು. ಎಲ್ಲರೂ ನಕ್ಕರು, ನಗುತ್ತಲೇ ಒಬ್ಬೊಬ್ಬರಾಗಿ ತಂದಿಟ್ಟರು.

ಬತ್ತಿ, ಬಟ್ಟೆ, ಹಿಂಜದೆ ಉಳಿದ ನಾರು ಎಲ್ಲ ಗುಡ್ಡೆಯಾಯಿತು. ಅದನ್ನು ಎತ್ತುವ ಮೊದಲು ಅತ್ತೆಯವರು ತಂಬಿಗೆಯ ನೀರನ್ನು ಅಂಗೈಯಿಂದ ಮೇಲೆಲ್ಲ ಚಿಮುಕಿಸಿದರು. ನಮ್ಮ ಕಡೆ ಮಣ್ಣಿನ ನೆಲವನ್ನು ಹಾಗೆಯೇ ಗುಡಿಸುವ ಹೆಂಗಸಿಲ್ಲ. ಮೊದಲು ನೀರು, ಬಳಿಕ ಕಸಬರಿಗೆ. ನೀರು ಬಿದ್ದದ್ದೇ ಆ ಗುಡ್ಡೆ ಹಿಟ್ಟಿನ ಮುದ್ದೆಯಂತೆ ಕುಗ್ಗಿತು. ಬಿಸಿಲಿನಲ್ಲಿ ಒಂದು ಕಣವೂ ಏಳಲಿಲ್ಲ. ಅತ್ತೆಯವರು ತಂಬಿಗೆ ಹಿಡಿದುಕೊಂಡೇ ಗವಾಕ್ಷಿಯನ್ನು ನೋಡಿದರು, ಗುಡ್ಡೆಯನ್ನು ನೋಡಿದರು. "ಯವ್ವಾ," ಎಂದು ನನ್ನನ್ನು ಕರೆದು, "ಇದು ಇಲ್ಲೆ ಏಳಂಗಿಲ್ಲಂದ್ರ ಬಾಯ್ಲರ್ ಮನ್ಯಾಗ ಯಾಕ ಏಳತೈತಿ?" ಎಂದು ಕೇಳಿದರು.

ಆ ಶನಿವಾರ ಬಂದ ಮಗನ ಜೊತೆಗೇ ಅವರು ತಿಕೋಟೆಗೂ ಹೋಗಿಬಂದರು. ಅಲ್ಲಿ ಅವರ ಅಣ್ಣನ ಹೆಂಡತಿ ಬಾಗಿಲಲ್ಲೇ, "ಬರ್ರಿ ಬರ್ರಿ! ಕೊಟ್ಟದ್ದನ್ನ ತಿರುಗಿ ಒಯ್ಯಾಕ ತವರಿಗೆ ಬಂದ ಮಗಳನ್ನ ಇವತ್ತ ನೋಡಿದ್ವಿ" ಎಂದು ಹಂಗಿಸಿದರಂತೆ. "ವೈನಿ, ಮೊದಲ ಗಂಟಿನ ಮ್ಯಾಲ ನೀರ ಹಾಕಿ ಒದ್ದಿ ಅರಿವ್ಯಾಗ ಸುತ್ತಿ ಕೊಡು. ಬೈಯೂದು ಆಮ್ಯಾಲ ಬೈ, ಉಂಡ ಹೋಗ್ತೀನಿ," ಎಂದರಂತೆ ಅತ್ತೆ. ಬೈಗಳೂ ಆದವು, ಊಟವೂ ಆಯಿತು, ಗಂಟೂ ಬಂತು.

ನೀರಿನ ವಿಚಾರವನ್ನು ಮಾವನವರು ಮೊದಲು ಒಪ್ಪಲಿಲ್ಲ. ಕಸುಬಿನವರು ಹಾಗೆಯೇ. ಒದ್ದೆ ಹೊದಿಕೆ ಉಳಿಗೆ ಅಂಟುತ್ತದೆ, ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ ಎಂದರು. ಮೂರನೆಯ ದಿನ ಹಿತ್ತಿಲಲ್ಲಿ ಒಂದು ಹಳೆಯ ಕೊಳವೆಯ ತುಂಡಿಗೆ ಹೊದಿಕೆ ಕಟ್ಟಿ, ಒಣಗಿಸಿ, ನೀರೆರೆದು ನೋಡಿದರು. ಬಡಿಯುವ ಬದಲು ತೊಯ್ದ ಹೊದಿಕೆಯನ್ನು ಕೊಯ್ದರೆ ಹೋಳುಹೋಳಾಗಿ ಬರುತ್ತದೆ ಎಂಬುದು ಅವರ ಕೈಗೆ ತಿಳಿಯಿತು. ಆ ಸಂಜೆ ಅವರ ಮುಖದಲ್ಲಿ ಬಹುದಿನಗಳ ಮೇಲೆ ಬೆಳಕು ಕಂಡೆ.

ಗಿರಣಿಯ ಮ್ಯಾನೇಜರರ ಮುಂದೆ ನಿಂತಾಗ ಮಾತಾಡಿದ್ದು ಮಾವನವರೇ. ಅತ್ತೆಯವರೂ ನಾನೂ ಬಾಗಿಲ ಬಳಿ ನಿಂತಿದ್ದೆವು. ಮ್ಯಾನೇಜರರು ಒಳ್ಳೆಯ ಮನುಷ್ಯರು, ಆದರೆ ನೀರಿನ ಹೆಸರು ಕೇಳಿ ಹೌಹಾರಿದರು. "ಈ ವೈಶಾಖದಾಗ ನೀರು? ಗಿರಣಿ ಭಾವಿ ತಳಾ ಕಂಡೈತಿ ಮೇಸ್ತ್ರಿ. ಊರಾಗ ಕುಡ್ಯಾಕ ಇಲ್ಲ, ನೀವು ಕೊಳವಿಗೆ ಎಣ್ಣಿ ನೀರು ಎರೀತೀರೇನು?"

"ನೀರು ನಾವು ತರ್ತೀವ್ರಿ," ಎಂದರು ಅತ್ತೆ, ಬಾಗಿಲಿನಿಂದಲೇ.

"ತುಕ್ಕು?"

"ಅದು ನನ್ನ ಜಿಮ್ಮಾ," ಎಂದರು ಮಾವ. "ತೆಗದ ಕೂಡಲೇ ಒರಸಿ ಎಣ್ಣಿ ಹಚ್ಚಸ್ತೀನಿ."

"ನೀವು ಒಳಗ ಇರ್ತೀರೇನು?"

"ಇಲ್ರಿ. ಕಿಡಕಿ ಹೊರಗ ನಿಂತು ಹೇಳ್ತೀನಿ. ಹುಡುಗರಿಗೆ ಕಸಬು ಕೈ ಹತ್ತೇತಿ, ಬಾಯಿ ಇಷ್ಟು ನಾ ಕೊಡ್ತೀನಿ."

ಮ್ಯಾನೇಜರರು ಮೀಸೆ ಸವರಿದರು. "ಆತು, ಒಂದು ದಿನ ನೋಡೂಣು. ಕೆಲಸಾ ನಿಂತರ ಮರುದಿನ ಉಳೀನ," ಎಂದರು.

ವಿಜಾಪುರದ ವೈಶಾಖವನ್ನು ಬಲ್ಲವರಿಗೆ ಆ ನೀರಿನ ಬೆಲೆ ಗೊತ್ತು. ಬಾವಡಿಯ ಮೆಟ್ಟಿಲುಗಳನ್ನು ಇಳಿದು, ಸರದಿಗೆ ಕಾದು, ತಳದ ನೀರನ್ನು ತಂಬಿಗೆಯಿಂದ ತೋಡಿ ಕೊಡ ತುಂಬುವ ದಿನಗಳವು. ಓಣಿಯ ಪ್ರತಿ ಮನೆಯವರೂ ತಮ್ಮ ಪಾಲಿನಿಂದ ಒಂದೊಂದು ಕೊಡ ಎತ್ತಿಟ್ಟರು. ಸ್ನಾನದ ನೀರು ಅರ್ಧವಾಯಿತು. ಅಕ್ಕಿ ತೊಳೆದದ್ದು, ಬೇಳೆ ತೊಳೆದದ್ದು ಎಲ್ಲ ಹಂಡೆ ಸೇರಿತು. ಬೆಳಗಾಗುತ್ತಲೇ ತಲೆಯ ಮೇಲೆ ಕೊಡ ಹೊತ್ತ ಹೆಂಗಸರು ಗುಡಿಯ ಮುಂದಿನಿಂದ ಸೊಲ್ಲಾಪುರ ರಸ್ತೆಗೆ ಸಾಲಾಗಿ ನಡೆದದ್ದನ್ನು ನೋಡಿ, ಪೇಟೆಯವರು ಯಾವ ದೇವರ ಅಭಿಷೇಕವೆಂದು ಕೇಳಿದರು. "ಬಾಯ್ಲರಪ್ಪಂದು!" ಎಂದು ಎದುರುಮನೆಯ ಮುದುಕಿ ಕೂಗಿ ಹೇಳಿದಳು. ಆ ಸಾಲಿನಲ್ಲಿ ನಾನೂ ಇದ್ದೆನೆಂಬುದು ನನ್ನ ಬಾಳಿನ ದೊಡ್ಡ ಹೆಮ್ಮೆ.

ಬಾಯ್ಲರ್ ಮನೆಯ ಬಾಗಿಲು ಕಿಟಕಿಗಳನ್ನೆಲ್ಲ ತೆರೆದಿಟ್ಟರು. ಮೆಣಸಿನಕಾಯಿ ಕುಟ್ಟುವಾಗ ಹೆಂಗಸರು ಕಟ್ಟಿಕೊಳ್ಳುವಂತೆ ಕೆಲಸದವರು ಮೂಗುಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಂಡರು. ನೀರನ್ನು ಮೆಲ್ಲಗೆ ಎರೆದು, ಹೊದಿಕೆ ಒಳಗಿನವರೆಗೆ ತೊಯ್ಯಲು ಬಿಟ್ಟು, ಆಮೇಲೆ ಕೊಯ್ದರು. ಬಿದ್ದ ಹೋಳುಗಳನ್ನು ಒದ್ದೆ ಗೋಣಿಯಲ್ಲಿ ತುಂಬಿ ಹಿಂದಿನ ಬಯಲಿನಲ್ಲಿ ಆಳವಾದ ಗುಂಡಿಗೆ ಹಾಕಿದರು. ನಮ್ಮ ಓಣಿಯ ಬತ್ತಿಗಳೂ ತಿಕೋಟೆಯ ಗಂಟೂ ಅಲ್ಲಿಯೇ ಮಣ್ಣಾದವು. ಮಾವನವರು ಗಾಳಿ ಬರುವ ದಿಕ್ಕಿನ ಕಿಟಕಿಯ ಹೊರಗೆ, ಬೇವಿನ ನೆರಳಿನಲ್ಲಿ ಕೂತಿದ್ದರು.

"ಲೇ, ಬಡೀಬ್ಯಾಡಲೇ! ಕೊಯ್ಯಿ, ಮೆತ್ತಗ ಕೊಯ್ಯಿ. ಅದು ನಿಮ್ಮತ್ತಿ ಮಾಡಿದ ಹೋಳಿಗಿ ಅಂತ ತಿಳಕೋ."

"ನಮ್ಮತ್ತಿ ಹೋಳಿಗಿ ಇದಕ್ಕಿಂತ ಗಟ್ಟಿರಿ ಮೇಸ್ತ್ರಿ! ಅದಕ್ಕ ಉಳೀನ ಬೇಕು!"

ಮಧ್ಯಾಹ್ನ ಕೆಲಸ ಒಂದು ಮೂಲೆಯಲ್ಲಿ ನಿಂತಿತು. ಎರಡು ಕೊಳವೆಗಳು ಕೂಡುವ ಸಂದಿಯ ಹೊದಿಕೆ ಏನು ಮಾಡಿದರೂ ಬಿಡಿಸಿಕೊಳ್ಳಲಿಲ್ಲ. ಮಾವನವರು ಕೂಗಿ ಹೇಳಿದರು, ಕೈಯಾಡಿಸಿ ತೋರಿಸಿದರು, ಒಳಗಿನವರಿಗೆ ತಿಳಿಯಲಿಲ್ಲ. ತಾಳ್ಮೆ ತಪ್ಪಿದ ಒಬ್ಬನು ಉಳಿ ಎತ್ತಿದ್ದನ್ನು ಕಂಡು, "ತಡೀಲೇ, ನಾನ ಬಂದೆ" ಎಂದು ಮಾವನವರು ಎದ್ದೇಬಿಟ್ಟರು. ಅವರು ಬಾಗಿಲು ಮುಟ್ಟುವಷ್ಟರಲ್ಲಿ ಅತ್ತೆಯವರು ಸೊಂಟದ ಮೇಲೆ ತುಂಬಿದ ಕೊಡವಿಟ್ಟುಕೊಂಡು ಹೊಸ್ತಿಲಿಗೆ ಅಡ್ಡ ನಿಂತಿದ್ದರು.

"ಒಳಗ ಹೋಗೂದಿದ್ರ ಈ ಕೊಡಾ ನಿಮ್ಮ ತಲಿಮ್ಯಾಲ ಸುರವಿ ಕಳಸ್ತೀನಿ. ನೀವೂ ದೂಳಿ ಎಬ್ಬಸೂ ಮಂದೀನ."

ಕೆಲಸದವರೆಲ್ಲ ನಕ್ಕರು. ಮಾವನವರು ನಗಲಿಲ್ಲ. ಹೆಂಡತಿಯ ಮುಖವನ್ನು ನೋಡುತ್ತ, ಏದುಸಿರು ಬಿಡುತ್ತ ನಿಂತರು. ಕಸುಬಿನ ಅಭಿಮಾನ ಆ ಹೊಸ್ತಿಲಲ್ಲಿ ಎಷ್ಟು ಕಷ್ಟಪಟ್ಟಿತೆಂಬುದನ್ನು ನಾನು ಬಲ್ಲೆ. ಕೊನೆಗೆ ಬಾಗಿ ಒಂದು ಇದ್ದಿಲ ಚೂರನ್ನು ಎತ್ತಿಕೊಂಡು, ಹೊರಗೋಡೆಯ ಸುಣ್ಣದ ಮೇಲೆ ಆ ಸಂದಿಯನ್ನು ಬರೆದರು: ಹೊದಿಕೆಯನ್ನು ಬಿಗಿದ ನಾರಿನ ಹಗ್ಗ ಎಲ್ಲಿ ಆರಂಭವಾಗಿದೆ, ಯಾವ ಕಡೆ ಸುತ್ತಿದೆ, ಎಲ್ಲಿ ಕೊಯ್ದರೆ ತಾನಾಗಿ ಬಿಚ್ಚುತ್ತದೆ. ಉಳಿ ಎತ್ತಿದ್ದವನೇ ಹೊರಗೆ ಬಂದು ನೋಡಿ, ಮತ್ತೆ ಒಳಹೋಗಿ, ಅತ್ತೆಯವರ ಕೊಡದ ನೀರನ್ನು ಎರೆದು ಕೊಯ್ದ. ಸಂದಿ ಬಿಚ್ಚಿತು. ತಾವು ಮುಟ್ಟದೆಯೇ ಇನ್ನೊಬ್ಬನ ಕೈಯಿಂದ ತಮ್ಮ ಕೆಲಸವಾದದ್ದನ್ನು ಕಿಟಕಿಯಿಂದ ನೋಡಿದ ಮಾವನವರು, "ಶಾಬಾಸ್ ಮಗನ" ಎಂದರು.

ಸಂಜೆ ಮ್ಯಾನೇಜರರು ಬಂದು ಕಿಟಕಿಯ ಕಟ್ಟೆಯ ಮೇಲೆ ಬೆರಳೆಳೆದು ನೋಡಿದರು. ಬೆರಳು ಬೆಳ್ಳಗಾಗಲಿಲ್ಲ. "ನಾಳೆನೂ ಹಿಂಗ ನಡೀಲಿ," ಎಂದರು. ಮುಂದಿನ ವರ್ಷಕ್ಕೆ ಚಳಿಗಾಲದಲ್ಲೇ ಗಿರಣಿಯ ನೀರಿನ ತೊಟ್ಟಿ ತುಂಬಿಸಿಡುತ್ತೇನೆ, ಹೆಣ್ಣುಮಕ್ಕಳು ನೀರು ಹೊರುವುದು ಬೇಡ ಎಂದರು. ಹಾಗೆಯೇ ನಡೆದುಕೊಂಡರು.

ನಾವು ಮಾಡಿದ್ದೆಲ್ಲ ಸಾಕಷ್ಟಿತ್ತು ಎಂದು ಹೇಳಲಾರೆ. ಅಷ್ಟು ಸೂಕ್ಷ್ಮವಾದ ನಾರನ್ನು ಒದ್ದೆ ಬಟ್ಟೆ ತಡೆಯಲಾರದು ಎಂದು ಈಗ ತಿಳಿದವರು ಹೇಳುತ್ತಾರೆ. ಅಂಥ ಕೆಲಸವನ್ನು ಅದಕ್ಕೆಂದೇ ಕಲಿತವರು, ಅದಕ್ಕೆಂದೇ ಮಾಡಿದ ಮುಖವಾಡ ತೊಟ್ಟು ಮಾಡಬೇಕಂತೆ. ಮಾವನವರ ಹೋದ ಉಸಿರೂ ಮರಳಲಿಲ್ಲ. ಆದರೆ ಅವರು ಮುಂದಿನ ಯುಗಾದಿಗೆ ಹೊಸ್ತಿಲು ದಾಟಿದರು, ನಡುವೆ ಕೂತು ಕೂತು ಗುಡಿಯನ್ನೂ ಮುಟ್ಟಿದರು. ಸ್ವಾತಂತ್ರ್ಯದ ದಿನ ಕಟ್ಟೆಯ ಮೇಲೆ ಕೂತು ಮೊಮ್ಮಗಳ ಕೈಗೆ ಪೇಢೆ ಕೊಟ್ಟರು. ಬೇವಿನ ನೆರಳಿನಿಂದ ಅವರು ಹೇಳಿಕೊಟ್ಟ ಕೆಲಸದವರು ಆ ರೀತಿಯನ್ನು ತಾವು ಹೋದ ಗಿರಣಿಗಳಿಗೆಲ್ಲ ಒಯ್ದರು.

ತಮ್ಮ ಪಾಲಿನ ನೀರನ್ನು ಪರರ ಉಸಿರಿಗೆಂದು ಹೊತ್ತ ತಾಯಂದಿರಿಗೆ, ನಗುತ್ತ ಕೊಯ್ದ ಕೈಗಳಿಗೆ, ನಿಜವನ್ನು ಮುಚ್ಚಿಡದ ವೈದ್ಯರಿಗೆ, ಆಡಿದ ಮಾತು ಉಳಿಸಿಕೊಂಡ ಮ್ಯಾನೇಜರರಿಗೆ, ಬೈದು ಉಣ್ಣಿಸಿದ ತಿಕೋಟೆಯ ಹಿರಿಯಳಿಗೆ, ಹೊಸ್ತಿಲಲ್ಲಿ ಅಡ್ಡ ನಿಂತವಳಿಗೆ, ಅಲ್ಲಿಂದ ಹಿಂದೆ ಸರಿದವರಿಗೆ ಶುಭವಾಗಲಿ. ಅವರ ಕುಲ ತಣ್ಣಗಿರಲಿ. ಇಂದು ಹಳೆಯ ಮಾಳಿಗೆಯ ಮೇಲೇರಿ ಕಲ್ನಾರಿನ ತಗಡು ಇಳಿಸುವವರ ಮನೆಗಳಲ್ಲೂ ಹೀಗೆಯೇ ಅಡ್ಡ ನಿಲ್ಲುವವರು ಹುಟ್ಟಲಿ. ಅವರೆಲ್ಲರೂ ತುಂಬುಸಿರಿನಿಂದ ನೂರು ವರ್ಷ ಬಾಳಲಿ.